ಸಾಲದ ಜೊತೆ ಬಂದ ನೀಲಗಿರಿ

ದನ ಬಾಯಿ ಹಾಕಲ್ಲ, ಕಾವಲು ಬೇಡ, ಕೆಲವೇ ವರ್ಷದಲ್ಲಿ ಕಡಿದು ಮಾರಬಹುದು. ಎಂಬತ್ತರ ದಶಕದಲ್ಲಿ ಕೋಲಾರದ ಕಡೆಯ ರೈತರು ರಾಗಿ ಹೊಲಕ್ಕೆ ನೀಲಗಿರಿ ಹಾಕಲು ಇಷ್ಟು ಸಾಕಾಗಿತ್ತು. ಸಸಿ ಅರಣ್ಯ ಇಲಾಖೆಯ ನರ್ಸರಿಯಿಂದ ಬರುತ್ತಿತ್ತು. ನರ್ಸರಿಗೆ ದುಡ್ಡು? ವಿಶ್ವ ಬ್ಯಾಂಕ್ ಸಾಲ, ಜೊತೆಗೆ ಬ್ರಿಟನ್ ಸರ್ಕಾರದ ನೆರವು. ಯೋಜನೆಯ ಹೆಸರು ಸಾಮಾಜಿಕ ಅರಣ್ಯ. ಹಳ್ಳಿಗೆ ಸೌದೆ, ಮೇವು ಸಿಗಲಿ ಎಂದು ಕಾಗದದ ಮೇಲಿತ್ತು. ನೀಲಗಿರಿ ಎಲೆಯನ್ನು ಯಾವ ದನ ಮೇಯುತ್ತೆ ಹೇಳಿ? ಮರ ಹೆಚ್ಚಾಗಿ ಹೋಗಿದ್ದು ಮರವನ್ನು ಅರೆದು ತಿರುಳು ಮಾಡುವ ಪಲ್ಪ್ ಕಾರ್ಖಾನೆಗೆ, ಕಟ್ಟಡದ ಗಳಕ್ಕೆ.

ಹೊರಗಿನವರ ಸಲಹೆ ಕೇಳಿ ಕಾಡಿನ ನೀತಿ ಮಾಡುವುದು ನಮಗೆ ಹೊಸದಲ್ಲ. 1864ರಲ್ಲಿ ಬ್ರಿಟಿಷರು ಅರಣ್ಯ ಇಲಾಖೆಯ ಮುಖ್ಯಸ್ಥರಾಗಿ ನೇಮಿಸಿದ್ದು ಜರ್ಮನಿಯ ಡೀಟ್ರಿಚ್ ಬ್ರಾಂಡಿಸ್ ಅವರನ್ನು. ರೈಲು ಹಳಿಗೆ ಮರ ಬೇಕಿತ್ತು. ಊರಿಗೊಂದು ಕಾಡಿರಲಿ ಅಂತ ಬ್ರಾಂಡಿಸ್ ವಾದಿಸಿದ್ದರು. 1878ರ ಅರಣ್ಯ ಕಾನೂನಿನಲ್ಲಿ ಆ ಮಾತು ಹೆಚ್ಚು ನಡೆಯಲಿಲ್ಲ. ಹೊರಗಿನವರ ಮಾತಿನಲ್ಲೂ ತಮಗೆ ಬೇಕಾದ್ದನ್ನಷ್ಟೇ ಸರ್ಕಾರಗಳು ಆರಿಸಿಕೊಳ್ಳುತ್ತವೆ, ಅಲ್ವಾ?

ಮತ್ತೆ ನೀಲಗಿರಿಗೆ ಬರೋಣ. 1984ರಲ್ಲಿ ಹರಿಹರದ ಪಾಲಿಫೈಬರ್ಸ್ ಎಂಬ ಪಲ್ಪ್ ಕಾರ್ಖಾನೆಯ ಜೊತೆ ಸರ್ಕಾರ ಒಂದು ಜಂಟಿ ಕಂಪನಿ ಮಾಡಿತು. ನೀಲಗಿರಿಯಂಥ ಮರ ಬೆಳೆಯಲು ಸುಮಾರು 30 ಸಾವಿರ ಹೆಕ್ಟೇರ್ ಜಾಗ ಅದಕ್ಕೆ. ಅದರಲ್ಲಿ ಊರಿನ ದನ ಮೇಯುವ ಜಾಗವೂ ಇತ್ತು. 1987ರ ನವೆಂಬರ್ 14ರಂದು, ಈಗಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ಜನ ನೀಲಗಿರಿ ಸಸಿಗಳನ್ನು ಕೈಯಲ್ಲೇ ಕಿತ್ತರು. ಅಲ್ಲೇ ತಮಗೆ ಬೇಕಾದ ಸಸಿ ನೆಟ್ಟರು. ಆ ಕಡೆ ನೆಡುವುದಕ್ಕೆ ಹಚ್ಚುವುದು ಅಂತಾರೆ. ಹಾಗಾಗಿ ಅದು ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ. ಮುಂದಿನ ವರ್ಷವೇ ಬಂದ ರಾಷ್ಟ್ರೀಯ ಅರಣ್ಯ ನೀತಿ, ಪರಿಸರ ಮತ್ತು ಕಾಡಿನ ಜನ ಮೊದಲು, ಕಾರ್ಖಾನೆ ಆಮೇಲೆ ಎಂದಿತು. 1991ರಲ್ಲಿ ಆ ಕಂಪನಿ ಮುಚ್ಚಿತು.

ಆ ಹೊತ್ತಿಗೆ ಸಾಲ-ನೆರವು ಕೊಡುವವರ ಭಾಷೆಯೂ ಬದಲಾಗಿತ್ತು. ಪಶ್ಚಿಮ ಘಟ್ಟದ ಯೋಜನೆಗೆ ಬಂದ ಬ್ರಿಟನ್ ದುಡ್ಡಿನ ಜೊತೆ, ಜನರನ್ನೂ ಸೇರಿಸಿಕೊಳ್ಳಿ ಎಂಬ ಒತ್ತಾಯ ಬಂತು. 1993ರಲ್ಲಿ ರಾಜ್ಯ, ಇಲಾಖೆ ಮತ್ತು ಊರವರು ಸೇರಿ ಕಾಡು ನೋಡಿಕೊಳ್ಳುವ ಜಂಟಿ ಅರಣ್ಯ ನಿರ್ವಹಣೆಯ ಆದೇಶ ಹೊರಡಿಸಿತು, ಗ್ರಾಮ ಅರಣ್ಯ ಸಮಿತಿಗಳು ಹುಟ್ಟಿದವು. ಆದರೆ ಸಮಿತಿಗೆ ಸಿಕ್ಕಿದ್ದು ಬೋಳಾದ ಕಾಡು ಮಾತ್ರ, ಮರದ ನೆರಳು ಕಾಲು ಭಾಗಕ್ಕಿಂತ ಕಡಿಮೆ ಇರುವ ಜಾಗ. ಒಳ್ಳೆ ಕಾಡು ಇಲಾಖೆಯ ಬಳಿಯೇ ಉಳಿಯಿತು. ಯೋಜನೆಯ ದುಡ್ಡು ಮುಗಿದ ಮೇಲೆ ಎಷ್ಟೋ ಊರುಗಳಲ್ಲಿ ಸಮಿತಿ ಸುಮ್ನೆ ಹೆಸರಿಗೆ ಉಳಿಯಿತು.

ಈಗಿನ ಮಾತು ಇಂಗಾಲದ್ದು. ಹವಾಮಾನ ಬದಲಾವಣೆ ತಡೆಯುವ ಪ್ಯಾರಿಸ್ ಒಪ್ಪಂದಕ್ಕಾಗಿ ಭಾರತ, 2030ರೊಳಗೆ ಮರಗಳಲ್ಲಿ 250ರಿಂದ 300 ಕೋಟಿ ಟನ್ ಹೆಚ್ಚುವರಿ ಇಂಗಾಲದ ಡೈ ಆಕ್ಸೈಡ್ ಹಿಡಿದಿಡುತ್ತೇವೆ ಎಂದು ಮಾತು ಕೊಟ್ಟಿದೆ. 2023ರಲ್ಲಿ ತಿದ್ದಿದ ಅರಣ್ಯ ಸಂರಕ್ಷಣಾ ಕಾಯ್ದೆಯ ಪೀಠಿಕೆಯಲ್ಲೇ ಈ ಗುರಿ ಬಂದು ಕೂತಿದೆ. 2017ರಲ್ಲಿ ಕರ್ನಾಟಕ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು, ನಿಜ. ಆದರೆ ಕಾಡು ಎಷ್ಟಿದೆ ಎಂಬ ಲೆಕ್ಕವೇ ಬೇರೆ. ಒಂದು ಹೆಕ್ಟೇರ್ ಮೀರಿದ ಜಾಗದಲ್ಲಿ ಶೇ 10ರಷ್ಟು ಮರದ ನೆರಳಿದ್ದರೆ ಭಾರತೀಯ ಅರಣ್ಯ ಸಮೀಕ್ಷೆ ಸಂಸ್ಥೆ ಅದನ್ನು ಅರಣ್ಯ ಹೊದಿಕೆ ಎಂದೇ ಎಣಿಸುತ್ತದೆ. ಮರ ಯಾವುದು, ಜಮೀನು ಯಾರದ್ದು ಎಂದು ನೋಡುವುದಿಲ್ಲ. ಕೋಲಾರದ ಹಳೆಯ ನೀಲಗಿರಿ ತೋಪೂ ಆ ಲೆಕ್ಕದಲ್ಲಿ ಸೇರುತ್ತದೆ.