ಛೇದದಲ್ಲಿ ಯಾರಿದ್ದಾರೆ? ಸರ್ವೆ ಪಟ್ಟಿಯಿಂದ ಸಂಭವನೀಯತೆ

ಸಂಭವನೀಯತೆ ಅಂದ ಕೂಡಲೇ ನಾಣ್ಯ, ದಾಳ, ಇಸ್ಪೀಟು ನೆನಪಾಗುತ್ತವೆ. ಅವು ಸುಲಭ. ಕಾಲಿಗೆ ತೊಡರುವುದು ಸರ್ವೆ ಪಟ್ಟಿ. ಇಂಥದ್ದೇ ಒಂದು ಪ್ರಶ್ನೆಯಲ್ಲಿ ನಾನು ಐದಕ್ಕೆ ಐದೂ ಅಂಕ ಕಳೆದುಕೊಂಡಿದ್ದೆ. ಸೂತ್ರ ಬಾಯಿಪಾಠವಿತ್ತು, ಛೇದ ಮಾತ್ರ ತಪ್ಪಿತ್ತು. ಈ ಟಿಪ್ಪಣಿ ಹೆಚ್ಚುಕಡಿಮೆ ಆ ಛೇದದ ಬಗ್ಗೆಯೇ.

ಮಂಡ್ಯದ ಕಡೆಯ 200 ಕಬ್ಬು ಬೆಳೆಗಾರರಿಗೆ ಎರಡು ಪ್ರಶ್ನೆ ಕೇಳಿದ್ದೇವೆ ಅಂದುಕೊಳ್ಳಿ. ಗದ್ದೆಗೆ ನೀರು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯದೋ, ಬೋರ್‌ವೆಲ್‌ನದೋ? ಕಬ್ಬು ಹೋಗುವುದು ಫ್ಯಾಕ್ಟರಿಗೋ, ಆಲೆಮನೆಗೋ? ಒಬ್ಬೊಬ್ಬರದೂ ಒಂದೊಂದೇ ಉತ್ತರ. ಸಂಖ್ಯೆಗಳನ್ನು ಲೆಕ್ಕಕ್ಕೆಂದು ನಾನೇ ಇಟ್ಟುಕೊಂಡಿದ್ದೇನೆ, ಇದು ನಿಜವಾದ ಸರ್ವೆ ಅಲ್ಲ.

| | ಫ್ಯಾಕ್ಟರಿ | ಆಲೆಮನೆ | ಒಟ್ಟು |
|---|---|---|---|
| ನಾಲೆ | 84 | 36 | 120 |
| ಬೋರ್‌ವೆಲ್ | 28 | 52 | 80 |
| ಒಟ್ಟು | 112 | 88 | 200 |

ಮೊದಲ ಕೆಲಸ, ಅಂಚಿನ ಮೊತ್ತಗಳನ್ನು ಅಡ್ಡಕ್ಕೂ ಉದ್ದಕ್ಕೂ ಕೂಡಿ ನೋಡುವುದು. ಎರಡೂ ಕಡೆಯಿಂದ 200 ಬರಲೇಬೇಕು. ಪರೀಕ್ಷೆಯಲ್ಲಿ ಒಂದೆರಡು ಮನೆ ಖಾಲಿ ಬಿಟ್ಟಿರುತ್ತಾರೆ, ಕಳೆದು ತುಂಬಿಕೊಳ್ಳಿ.

ಸಾದಾ ಸಂಭವನೀಯತೆ

ಕಣ್ಣು ಮುಚ್ಚಿ ಒಬ್ಬ ರೈತರನ್ನು ಆರಿಸಿದೆವು. ಅವರ ಕಬ್ಬು ಆಲೆಮನೆಗೆ ಹೋಗುವ ಸಂಭವನೀಯತೆ ಎಷ್ಟು? ಸಂಭವನೀಯತೆಯನ್ನು 'ಪಿ', ಆಲೆಮನೆಯನ್ನು 'ಆ', ಬೋರ್‌ವೆಲ್ಲನ್ನು 'ಬೋ' ಅಂತ ಬರೆಯೋಣ.

ಪಿ(ಆ) = 88/200 = 0.44
ಪಿ(ಬೋ) = 80/200 = 0.40
ಪಿ(ಆ ಮತ್ತು ಬೋ) = 52/200 = 0.26

'ಆ ಅಥವಾ ಬೋ' ಕೇಳಿದರೆ 88ಕ್ಕೆ 80 ಕೂಡಿಸಿ ಸುಮ್ನೆ ಬಿಡಬೇಡಿ. ಆ 52 ಜನ ಎರಡೂ ಕಡೆ ಲೆಕ್ಕಕ್ಕೆ ಬಂದಿದ್ದಾರೆ, ಒಂದು ಸಲ ಕಳೆಯಬೇಕು: 116/200 = 0.58. ಇಲ್ಲಿಯವರೆಗೆ ಛೇದ 200 ಬಿಟ್ಟು ಅಲುಗಿಲ್ಲ.

ಷರತ್ತು ಬಂದಾಗ

ಈಗ ಪ್ರಶ್ನೆ ಹೀಗಿದೆ: 'ಆರಿಸಿದ ರೈತರು ಬೋರ್‌ವೆಲ್ ಇರುವವರು ಅಂತ ಗೊತ್ತಾದರೆ, ಅವರ ಕಬ್ಬು ಆಲೆಮನೆಗೆ ಹೋಗುವ ಸಂಭವನೀಯತೆ ಎಷ್ಟು?' ನಾನು ಎಡವಿದ್ದು ಇಲ್ಲೇ. 52/200 ಅಂತ ಬರೆದು ಬಂದಿದ್ದೆ.

'ಗೊತ್ತಾದರೆ' ಅಂದ ತಕ್ಷಣ ನಾಲೆಯ 120 ಜನ ಆಟದಿಂದ ಹೊರಗೆ. ನಾನಂತೂ ಈಗ ಆ ಸಾಲನ್ನು ಅಂಗೈಯಿಂದ ಮುಚ್ಚಿಬಿಡುತ್ತೇನೆ. ಉಳಿದದ್ದು 80 ಜನ, ಅವರಲ್ಲಿ ಆಲೆಮನೆಯವರು 52. ಈ 'ಗೊತ್ತಾದರೆ'ಯನ್ನು ಒಂದು ನಿಂತ ಗೆರೆಯಿಂದ ( | ) ಬರೆಯುತ್ತಾರೆ, ಗೆರೆಯ ಬಲಕ್ಕಿರುವುದೇ ಷರತ್ತು.

ಪಿ(ಆ | ಬೋ) = 52/80 = 0.65

ಸೂತ್ರ ಹೇಳುವುದೂ ಇದನ್ನೇ: ಪಿ(ಆ ಮತ್ತು ಬೋ) ÷ ಪಿ(ಬೋ) = 0.26 ÷ 0.40 = 0.65. ಪಟ್ಟಿ ಕಣ್ಣೆದುರು ಇದ್ದರೆ ಸೂತ್ರದ ಹಂಗಿಲ್ಲ. ಬರೀ ದಶಮಾಂಶ ಕೊಟ್ಟಿದ್ದರೆ ಬೇಕಾಗುತ್ತದೆ.

ಅದೇ 52 ಜನರನ್ನು ಇನ್ನೊಂದು ಕಡೆಯಿಂದ ನೋಡಿ. ಆಲೆಮನೆಗೆ ಕೊಡುವವರಲ್ಲಿ ಬೋರ್‌ವೆಲ್‌ನವರು ಎಷ್ಟು?

ಪಿ(ಬೋ | ಆ) = 52/88 = 0.59 (ಸುಮಾರು)

ಅಂಶ ಬದಲಾಗಲಿಲ್ಲ, ಛೇದ ಬದಲಾಯಿತು. ಕನ್ನಡದಲ್ಲಿ ಒಂದು ಅನುಕೂಲವಿದೆ. ಪ್ರಶ್ನೆಯನ್ನು ನಿಮ್ಮ ಮಾತಿನಲ್ಲಿ ಹೇಳಿಕೊಂಡಾಗ 'ಅವರಲ್ಲಿ' ಅನ್ನುವ ಪದ ಯಾರಿಗೆ ಅಂಟಿತೋ ಅವರೇ ಛೇದ. 'ಬೋರ್‌ವೆಲ್‌ನವರಲ್ಲಿ' ಅಂದರೆ 80, 'ಆಲೆಮನೆಗೆ ಕೊಡುವವರಲ್ಲಿ' ಅಂದರೆ 88.

ಒಂದರಿಂದ ಇನ್ನೊಂದಕ್ಕೆ ದಾಟುವ ದಾರಿಯೇ ಬೇಯ್ಸ್ ಪ್ರಮೇಯ: 0.65 × 0.40 ÷ 0.44 = 0.59. ಥಾಮಸ್ ಬೇಯ್ಸ್ ತೀರಿಕೊಂಡದ್ದು 1761ರಲ್ಲಿ, ಆತನ ಪ್ರಬಂಧ ಅಚ್ಚಾದದ್ದು 1763ರಲ್ಲಿ. ಪಾಪ, ಹೆಸರು ಬಂದದ್ದು ನೋಡಲಿಲ್ಲ.

ಸ್ವತಂತ್ರವೋ ಅಲ್ಲವೋ

ಬೋರ್‌ವೆಲ್ ಅಂತ ತಿಳಿದ ಮೇಲೆ ಆಲೆಮನೆಯ ಸಂಭವನೀಯತೆ 0.44ರಿಂದ 0.65ಕ್ಕೆ ಏರಿತು. ನಾಲೆ ಅಂತ ತಿಳಿದರೆ 36/120, ಅಂದರೆ 0.30ಕ್ಕೆ ಇಳಿಯುತ್ತದೆ. ಸುದ್ದಿ ತಿಳಿದ ಮೇಲೂ ಸಂಖ್ಯೆ ಅಲ್ಲಾಡದಿದ್ದರೆ ಮಾತ್ರ ಸ್ವತಂತ್ರ ಘಟನೆಗಳು. ಹಾಗಿದ್ದರೆ ಬೋರ್‌ವೆಲ್-ಆಲೆಮನೆ ಮನೆಯಲ್ಲಿ 80 × 0.44, ಸುಮಾರು 35 ಜನ ಇರಬೇಕಿತ್ತು. ಇರುವುದು 52. ನಿಜವಾದ ಸರ್ವೆಯಲ್ಲಿ ಒಂದೆರಡು ಆಚೀಚೆ ಆಗೇ ಆಗುತ್ತದೆ, ಆದರೆ ಇದು ಅಷ್ಟು ಸಣ್ಣ ಅಂತರವಲ್ಲ.

ಹಾಗಂತ ಬೋರ್‌ವೆಲ್ ಕೊರೆಸಿದ್ದಕ್ಕೇ ಕಬ್ಬು ಆಲೆಮನೆಗೆ ಹೋಯಿತು ಅನ್ನುವಂತಿಲ್ಲ. ಫ್ಯಾಕ್ಟರಿ ದೂರ ಇರಬಹುದು, ಬೆಲ್ಲದ ರೇಟು ಜಾಸ್ತಿ ಇರಬಹುದು. ಪಟ್ಟಿ ಅದನ್ನು ಕೇಳಿಲ್ಲ. ಮಂಡ್ಯದ ಸಕ್ಕರೆ ಕಂಪನಿ ಶುರುವಾದ 1933ರಲ್ಲೇ ರಷ್ಯಾದ ಕೊಲ್ಮೊಗೊರೊವ್ ಸಂಭವನೀಯತೆಯ ಮೂಲ ನಿಯಮಗಳನ್ನು ಪ್ರಕಟಿಸಿದ. ಇಸವಿ ಕೂಡಿಬಂತು ಅಂತ ನಂಟು ಹುಡುಕುತ್ತೇವಾ?

ಪಟ್ಟಿಗೆ ಮುಂಚಿನ ಷರತ್ತು

ಪಠ್ಯದಲ್ಲಿ ಇದಕ್ಕೆ ಜಾಗ ಕಡಿಮೆ. ಫ್ಯಾಕ್ಟರಿ ಗೇಟಿನ ಮುಂದೆ ಕಬ್ಬಿನ ಗಾಡಿ, ಟ್ರ್ಯಾಕ್ಟರ್ ಸಾಲಾಗಿ ನಿಂತಿರುತ್ತವಲ್ಲ, ಅಲ್ಲೇ 200 ಜನರನ್ನು ಕೇಳಿ ಮುಗಿಸಿದರೆ ಸರ್ವೆ ಬೇಗ ಆಗುತ್ತದೆ. ಆದರೆ ಆಲೆಮನೆ ಕಾಲಂ ಬಹುಪಾಲು ಖಾಲಿ. ಆಗ ಕೈಗೆ ಬರುವುದು ಪಿ(ಆ) ಅಲ್ಲ, ಪಿ(ಆ | ಗೇಟಿನಲ್ಲಿ ಸಿಕ್ಕವರು). ಆ ಗೆರೆಯನ್ನು ಯಾರೂ ಬರೆದುಕೊಡುವುದಿಲ್ಲ. ಉತ್ತರ ಕೊಡದವರದೂ ಇದೇ ಕಥೆ: 220 ಜನರಲ್ಲಿ 20 ಮಂದಿ ಸುಮ್ಮನಿದ್ದರೆ, 200 ಅನ್ನುವುದೇ 'ಉತ್ತರ ಕೊಟ್ಟವರಲ್ಲಿ' ಅನ್ನುವ ಷರತ್ತು.

ಕೈಯಾಡಿಸಲು ಎರಡು: ನಾಲೆಯವರಲ್ಲಿ ಫ್ಯಾಕ್ಟರಿಗೆ ಕೊಡುವವರು, ಫ್ಯಾಕ್ಟರಿಗೆ ಕೊಡುವವರಲ್ಲಿ ನಾಲೆಯವರು. ಉತ್ತರ 0.70 ಮತ್ತು 0.75. ಅದಲುಬದಲಾಗಿ ಬಂದರೆ ಅಂಗೈಯಿಂದ ಮುಚ್ಚಿದ್ದು ಯಾವುದನ್ನು ಅಂತ ನೋಡಿಕೊಳ್ಳಿ.