ಬಿಸಿ ನೀರಿಗೆ ಸೋಲುವ ಪಂಪು

ಏಪ್ರಿಲ್ ತಿಂಗಳು, ಕಲಬುರಗಿಯ ಬಿಸಿಲು. ಲ್ಯಾಬಿನಲ್ಲಿ ಬೇವಿನೆಲೆ ನೆನೆಸಿದ ನೀರನ್ನು 45 ಡಿಗ್ರಿಯಲ್ಲೇ ಕುದಿಸಿ ಗಟ್ಟಿ ಮಾಡಬೇಕಿತ್ತು. ಫ್ಲಾಸ್ಕಿನ ಗಾಳಿ ತೆಗೆದು ಒತ್ತಡ ಇಳಿಸಿದರೆ ನೀರು ಅಷ್ಟು ಕಡಿಮೆ ಬಿಸಿಗೇ ಕುದಿಯುತ್ತದೆ. ಗಾಳಿ ತೆಗೆಯಲು ನಮ್ಮಲ್ಲಿರುವುದು ತೊಟ್ಟಿಯ ನೀರನ್ನೇ ಮತ್ತೆ ಮತ್ತೆ ಜೆಟ್ಟಾಗಿ ಚಿಮ್ಮಿಸುವ ಪಂಪು. ಫ್ಲಾಸ್ಕ್ ತಿರುಗುತ್ತಲೇ ಇದೆ, ಒಂದು ಗುಳ್ಳೆಯೂ ಏಳುತ್ತಿಲ್ಲ. "ಪಂಪ್ ಕೆಟ್ಟದ್ರೀ ಸರ" ಅಂದ ಹುಡುಗ. ನಾನೂ ನಂಬಿ ರಬ್ಬರ್ ಪೈಪ್ ಬದಲಿಸಿದೆ, ಜೋಡಣೆಗಳಿಗೆಲ್ಲ ಗ್ರೀಸ್ ಹಚ್ಚಿದೆ. ಕೊನೆಗೆ ಪಂಪಿನ ತೊಟ್ಟಿಗೆ ಕೈ ಹಾಕಿದರೆ ನೀರು ಸ್ನಾನಕ್ಕೆ ಕಾಯಿಸಿದ ಹಾಗಿತ್ತು! ಒಂದು ಬಕೆಟ್ ಐಸ್ ಸುರಿದೆವು. ಸ್ವಲ್ಪ ಹೊತ್ತಿಗೆ ಫ್ಲಾಸ್ಕಿನಲ್ಲಿ ಕಳಕಳ ಕುದಿ ಎದ್ದಿತು.

ವ್ಯಾಕ್ಯೂಮ್ ಏನನ್ನೋ ಎಳೆಯುತ್ತದೆ ಅಂತ ಜನ ನಂಬಿದ್ದಾರೆ. ಖಾಲಿ ಜಾಗಕ್ಕೆ ಎಳೆಯಲು ಕೈ ಎಲ್ಲಿದೆ? ಸ್ಟ್ರಾದಲ್ಲಿ ಎಳನೀರನ್ನು ಮೇಲೇರಿಸುವುದೂ ಹೊರಗಿನ ಗಾಳಿಯ ಒತ್ತಡವೇ. 1644ರಲ್ಲೇ ಇಟಲಿಯ ವಿಜ್ಞಾನಿ ಟೊರಿಚೆಲ್ಲಿ ಗಾಳಿಯ ಈ ಒತ್ತಡದ ಬಗ್ಗೆ ಬರೆದಿಟ್ಟ. ನಾವಿನ್ನೂ ಮಕ್ಕಳಿಗೆ 'ಹೀರುತ್ತದೆ' ಅಂತಲೇ ಹೇಳುತ್ತಿದ್ದೇವೆ.

ಹಾಗಾದರೆ ನೀರಿನ ಜೆಟ್ ಗಾಳಿಯನ್ನು ಹೊರಗೆ ಹಾಕುವುದು ಹೇಗೆ? ವೇಗ ಹೆಚ್ಚಿದರೆ ಒತ್ತಡ ಇಳಿಯುತ್ತದೆ ಎಂಬ ವಿಜ್ಞಾನಿ ಬರ್ನೂಲಿಯ 1738ರ ಮಾತನ್ನು ಹೇಳಿ ಪಠ್ಯಪುಸ್ತಕ ಕೈ ತೊಳೆದುಕೊಳ್ಳುತ್ತದೆ. ಅದು ಅರ್ಧ ಕಥೆ. ಗಾಳಿಯನ್ನು ಹೊತ್ತೊಯ್ಯುವವರು ಯಾರು? ನಲ್ಲಿ ನೀರು ಜೋರಾಗಿ ಬಕೆಟ್ಟಿಗೆ ಬೀಳುವುದನ್ನು ನೋಡಿ. ಗುಳ್ಳೆಗಳು ನೀರಿನ ಜೊತೆ ತಳದವರೆಗೂ ಇಳಿಯುತ್ತವೆ ಅಲ್ವಾ? ಶರಣಬಸವೇಶ್ವರ ಜಾತ್ರೆಯಲ್ಲಿ ತೇರು ಹೊರಟಾಗ ಸುಮ್ನೆ ಅಂಚಿನಲ್ಲಿ ನಿಂತವರೂ ನೂಕಿನಲ್ಲಿ ಸೇರಿ ಮುಂದೆ ಹೋಗುತ್ತಾರೆ, ಅವರು ಬಿಟ್ಟ ಜಾಗಕ್ಕೆ ಹಿಂದಿನ ಓಣಿಯವರು ಬರುತ್ತಾರೆ. ಇಲ್ಲೂ ಹಾಗೇ. ಸಣ್ಣ ಬಾಯಿಂದ ಚಿಮ್ಮಿದ ನೀರು ಸುತ್ತಲಿನ ಗಾಳಿಯನ್ನು ತನ್ನೊಳಗೆ ಕಲಸಿಕೊಂಡು ನೊರೆಯಾಗಿ ಇಕ್ಕಟ್ಟಾದ ಕೊಳವೆಯಲ್ಲಿ ನುಗ್ಗುತ್ತದೆ. ಮುಂದೆ ಕೊಳವೆ ಅಗಲವಾಗುತ್ತದೆ. ನೀರು ನಿಧಾನವಾಗುತ್ತದೆ, ಕಳೆದ ವೇಗ ಒತ್ತಡವಾಗಿ ವಾಪಸ್ ಬರುತ್ತದೆ. ಆ ಒತ್ತಡವೇ ಗುಳ್ಳೆಗಳನ್ನು ಹೊರಗೆ ದಬ್ಬುತ್ತದೆ. ನೀರನ್ನು ದಬ್ಬುವ ಮೋಟಾರು ಬಿಟ್ಟರೆ ತಿರುಗುವ ಭಾಗ ಒಂದೂ ಇಲ್ಲ!

ಆದರೆ ನೀರಿಗೂ ತನ್ನದೇ ಆವಿ ಇದೆ. 20 ಡಿಗ್ರಿಯಲ್ಲಿ ಅದರ ಒತ್ತಡ ಸುಮಾರು 17.5 ಮಿಲಿಮೀಟರ್ ಪಾದರಸ (ಒತ್ತಡ ಅಳೆಯುವ ಮಾನ), 40 ಡಿಗ್ರಿಯಲ್ಲಿ 55. ಅಷ್ಟಕ್ಕೆ ಇಳಿದರೆ ಪಂಪಿನ ನೀರೇ ಆವಿಯಾಗಿ ಖಾಲಿ ಜಾಗ ತುಂಬುತ್ತದೆ, ಹಾಗಾಗಿ ಪಂಪು ಒತ್ತಡವನ್ನು ಅದಕ್ಕಿಂತ ಕೆಳಗೆ ಇಳಿಸಲಾರದು. 45 ಡಿಗ್ರಿಯಲ್ಲಿ ನೀರು ಕುದಿಯಲು ಒತ್ತಡ 72ಕ್ಕೆ ಇಳಿದರೆ ಸಾಕು. ಆದರೆ ಬಿಸಿ ತೊಟ್ಟಿಯ ಪಂಪಿಗೆ 55ರ ಹತ್ತಿರ ಬರುವುದೇ ಕಷ್ಟ, ಸಣ್ಣ ಸೋರಿಕೆ ಇದ್ದರೂ 72 ತಲುಪುವುದಿಲ್ಲ.

ಬೀದರ್ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ಇದೇ ಲೆಕ್ಕ ದೊಡ್ಡದಾಗಿ ನಡೆಯುತ್ತದೆ. ಗಾಣದ ಕೊಪ್ಪರಿಗೆಯಲ್ಲಿ ತೆರೆದು ಕುದಿಸಿದ ಕಬ್ಬಿನ ಹಾಲು ನೂರು ಡಿಗ್ರಿ ದಾಟಿ ಕೆಂಪಾಗಿ ಬೆಲ್ಲವಾಗುತ್ತದೆ. ಬಿಳಿ ಸಕ್ಕರೆ ಬೇಕೆಂದರೆ 60–70 ಡಿಗ್ರಿಯಲ್ಲೇ ಕುದಿಸಬೇಕು. 1813ರಲ್ಲಿ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಎಡ್ವರ್ಡ್ ಹೋವರ್ಡ್ ಅದಕ್ಕೆ ಮುಚ್ಚಿದ ವ್ಯಾಕ್ಯೂಮ್ ಪ್ಯಾನ್ ಮಾಡಿದ. ಇಂದು ಅದರ ಮೇಲಿನ ಕಂಡೆನ್ಸರಿನಲ್ಲಿ ತಣ್ಣೀರಿನ ಸಿಂಪಡಣೆ ಆವಿಯನ್ನು ನೀರಾಗಿಸುತ್ತದೆ, ಜೆಟ್‌ಗಳು ಉಳಿದ ಗಾಳಿಯನ್ನು ಕೆಳಗೆ ಒಯ್ಯುತ್ತವೆ. ಬಿಸಿಯಾದ ನೀರನ್ನು ಅಂಗಳದ ಸ್ಪ್ರೇ ಪಾಂಡಿನಲ್ಲಿ ಕಾರಂಜಿಯಾಗಿ ಚಿಮ್ಮಿಸಿ ತಣಿಸುತ್ತಾರೆ. ಅದು ಸರಿಯಾಗಿ ತಣಿಯದಿದ್ದರೆ ಪ್ಯಾನ್ ನೋಡಿಕೊಳ್ಳುವ ಪ್ಯಾನ್‌ಮನ್‌ಗೆ ತಕ್ಷಣ ಗೊತ್ತಾಗುತ್ತದೆ.

ಕೆಲವು ಔಷಧ ಕಾರ್ಖಾನೆಗಳಲ್ಲಿ ನೀರಿನ ಬದಲು ಕಾಸ್ಟಿಕ್ ಸೋಡಾ ದ್ರಾವಣ ಚಿಮ್ಮಿಸುತ್ತಾರೆ. ವ್ಯಾಕ್ಯೂಮೂ ಸಿಗುತ್ತದೆ, ಆಮ್ಲದ ಹೊಗೆಯೂ ಅಲ್ಲೇ ಕರಗುತ್ತದೆ. ಎಣ್ಣೆ ಹಾಕಿ ನಡೆಸುವ ವ್ಯಾಕ್ಯೂಮ್ ಪಂಪಾಗಿದ್ದರೆ ಆ ಹೊಗೆಯಿಂದ ಪಂಪಿಗೇ ತುಕ್ಕು ಹಿಡಿಯುತ್ತಿತ್ತು.

ನಮ್ಮ ತೊಟ್ಟಿಯಲ್ಲಿ ಈಗ ಥರ್ಮಾಮೀಟರ್ ಇಳಿಬಿಟ್ಟಿದ್ದೇವೆ. ಬೇಸಿಗೆಯಲ್ಲಿ ಕುದಿಸುವ ಕೆಲಸ ಮುಂಜಾನೆ ಏಳಕ್ಕೇ ಶುರು.