ಪೆನ್‌ಡ್ರೈವ್ ಅಲ್ಲ ಭಾಗವತರೇ, ಅದು ಲೈಸೆನ್ಸು

ಮುಂಬಯಿಯ ಅಂಧೇರಿ ಪೂರ್ವದ ಒಂದು ಹಳೇ ಇಂಡಸ್ಟ್ರಿಯಲ್ ಗಾಳಾದಲ್ಲಿ, ಅಂದರೆ ಸಣ್ಣ ಕಾರ್ಖಾನೆಯ ಕೋಣೆಯಲ್ಲಿ, ನಮ್ಮ ರೆಕಾರ್ಡಿಂಗ್ ರೂಮಿದೆ. ವಾರವಿಡೀ ಹಿಂದಿ ಡಬ್ಬಿಂಗ್, ಅದು ಹೊಟ್ಟೆಪಾಡು. ಭಾನುವಾರ ಮಾತ್ರ ನಮ್ಮವರದು. ಭಜನಾ ಮಂಡಳಿಯವರು ಬರುತ್ತಾರೆ, ಯಕ್ಷಗಾನದವರು ಬರುತ್ತಾರೆ. ಹೋಟೆಲ್ ಬಾಗಿಲು ಹಾಕಿ ರಾತ್ರಿ ಹನ್ನೊಂದಕ್ಕೆ ಬಂದು ಪದ ಹೇಳುವವರೂ ಇದ್ದಾರೆ. ಹಾಗೆ ಬಂದ ಭಾಗವತರೊಬ್ಬರು ಒಂದು ಮಳೆಗಾಲದ ರಾತ್ರಿ ಜಾಗಟೆ ಇಡಲು ಜಾಗ ಹುಡುಕುತ್ತಾ ಕಂಪ್ಯೂಟರ್ ಪಕ್ಕ ಕಾಲಿಟ್ಟರು. ಟಕ್ ಅಂತ ಸದ್ದಾಯಿತು. ಯುಎಸ್‌ಬಿಗೆ ಸಿಕ್ಕಿಸಿದ್ದ ಹೆಬ್ಬೆರಳು ಗಾತ್ರದ ಪ್ಲಾಸ್ಟಿಕ್ ತುಂಡು ಸೊಂಟ ಮುರಿದುಕೊಂಡು ನೇತಾಡುತ್ತಿತ್ತು.

“ಎಂಥ ಮಾರಾಯ, ಒಂದು ಪೆನ್‌ಡ್ರೈವ್ ತಾನೆ? ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಗ್ತದೆ, ನಾಳೆ ನಾನೇ ತಂದುಕೊಡ್ತೇನೆ” ಅಂದರು.

ಅದು ಪೆನ್‌ಡ್ರೈವ್ ಆಗಿರಲಿಲ್ಲ. ಡಾಂಗಲ್, ಅಂದರೆ ಸಾಫ್ಟ್‌ವೇರಿನ ಬೀಗ ತೆರೆಯಲು ಕಂಪ್ಯೂಟರಿಗೆ ಸಿಕ್ಕಿಸುವ ಕೀಲಿ. ಅದರೊಳಗೆ 14 ಪ್ಲಗಿನ್‌ಗಳ ಲೈಸೆನ್ಸ್ ಇತ್ತು. ನನ್ನ ಐದಾರು ವರ್ಷದ ಉಳಿತಾಯ ಅಂತಲೇ ಹೇಳಬಹುದು.

ಪ್ಲಗಿನ್ ತಾನಾಗಿ ಓಡುವ ಸಾಫ್ಟ್‌ವೇರ್ ಅಲ್ಲ. ಹಾಡು ರೆಕಾರ್ಡ್ ಮಾಡುವ ದೊಡ್ಡ ಸಾಫ್ಟ್‌ವೇರ್ ಒಳಗೆ ಕೂತು ಕೆಲಸ ಮಾಡುತ್ತದೆ. ಒಂದು ಫ್ಯಾನಿನ ಗುಂಯ್ ಸದ್ದು ತೆಗೆಯುತ್ತದೆ. ಇನ್ನೊಂದು ಈ ಡಬ್ಬದಂಥ ರೂಮಿನಲ್ಲಿ ಹಾಡಿದ್ದಕ್ಕೆ ಗುಡಿಯ ಪ್ರಾಂಗಣದ ಗುಂಗು ಕೊಡುತ್ತದೆ. ಮತ್ತೊಂದು, ಇಲ್ಲದ ಪಿಟೀಲನ್ನು ನುಡಿಸುತ್ತದೆ. ಇವನ್ನು ಕಂಪನಿಯ ಸೈಟಿನಿಂದ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ನಾವು ದುಡ್ಡು ಕೊಡುವುದು ಫೈಲಿಗಲ್ಲ, ಅದನ್ನು ಓಡಿಸುವ ಅನುಮತಿಗೆ. ಆ ಅನುಮತಿಯನ್ನು ಎಲ್ಲಿ ಇಡಬೇಕು ಅನ್ನುವ ಜಗಳ ಸುಮಾರು ನಲವತ್ತು ವರ್ಷದಿಂದ ನಡೆದೇ ಇದೆ.

ಮೊದಲಿಗೆ ಅದು ಕಣ್ಣಿಗೆ ಕಾಣುವ ವಸ್ತುವೇ ಆಗಿತ್ತು. ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿ 1989ರಲ್ಲಿ ಅಟಾರಿ ಕಂಪ್ಯೂಟರಿಗೆ ಕ್ಯೂಬೇಸ್ ಅನ್ನುವ ಸಂಗೀತ ಸಾಫ್ಟ್‌ವೇರ್ ತಂದಾಗ ಡಿಸ್ಕಿನ ಜೊತೆ ಒಂದು ಬಿಲ್ಲೆ ಕೊಡುತ್ತಿತ್ತು. ಅದನ್ನು ಕಾರ್ಟ್ರಿಜ್ ಕಿಂಡಿಗೆ ಸಿಕ್ಕಿಸದಿದ್ದರೆ ಸಾಫ್ಟ್‌ವೇರ್ ಏಳುತ್ತಲೇ ಇರಲಿಲ್ಲ. ಇದೇ ಕಂಪನಿ 1996ರಲ್ಲಿ ವಿಎಸ್‌ಟಿ ಅನ್ನುವ ಪ್ಲಗಿನ್ ಪದ್ಧತಿ ತಂದಿತು. ಪ್ಲಗಿನ್ ಹೇಗೆ ಬರೆಯಬೇಕು ಅನ್ನುವ ಕೈಪಿಡಿಯನ್ನು ಬೇರೆಯವರಿಗೂ ಕೊಟ್ಟಿತು. ಅಲ್ಲಿಂದ ಸಂತೆ ಶುರು. ಇಬ್ಬರು ಮೂವರು ಸೇರಿದ ಪುಟ್ಟ ಕಂಪನಿಗಳೂ ಪ್ಲಗಿನ್ ಮಾರತೊಡಗಿದವು. ಇಪ್ಪತ್ತು ಕಂಪನಿ, ಇಪ್ಪತ್ತು ಬಗೆಯ ಬೀಗ!

ಸುಲಭದ ಬೀಗ ಅಂದರೆ ಸೀರಿಯಲ್ ನಂಬರ್. ಅದನ್ನು ಒಬ್ಬ ಕೊಂಡರೆ ಹತ್ತು ಜನಕ್ಕೆ ಹಂಚಬಹುದು. ಸುಳ್ಳೇಕೆ, ನಾನು ಕಲಿತದ್ದೂ ಮುಂಬಯಿಯ ಫುಟ್‌ಪಾತಿನಲ್ಲಿ ಸಿಗುತ್ತಿದ್ದ, ಬೀಗ ಮುರಿದ ಕ್ರ್ಯಾಕ್ ಸಿಡಿಯಲ್ಲೇ. ನಂಬರ್ ಒಂದು ನೋಟ್‌ಪ್ಯಾಡ್ ಫೈಲಿನಲ್ಲಿ ಇರುತ್ತಿತ್ತು. ಅದು ತಪ್ಪು ಅಂತ ಗೊತ್ತಿತ್ತು, ಎಷ್ಟು ತಪ್ಪು ಅಂತ ಗೊತ್ತಿರಲಿಲ್ಲ. ನಮ್ಮ ಕಾಪಿರೈಟ್ ಕಾಯ್ದೆಯ 63ಬಿ ಕಲಂ ಪ್ರಕಾರ, ಕದ್ದ ಪ್ರತಿ ಅಂತ ಗೊತ್ತಿದ್ದೂ ಸಾಫ್ಟ್‌ವೇರ್ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ.

ಆಮೇಲೆ ಬಂದದ್ದು ಸವಾಲು–ಜವಾಬಿನ ಬೀಗ. ನಿಮ್ಮ ಕಂಪ್ಯೂಟರಿನ ಹಾರ್ಡ್‌ಡಿಸ್ಕ್, ಮದರ್‌ಬೋರ್ಡ್ ಮುಂತಾದವುಗಳ ಗುರುತು ಸೇರಿಸಿ ಪ್ಲಗಿನ್ ಒಂದು ಕೋಡ್ ಹುಟ್ಟಿಸುತ್ತದೆ. ಅದು ಕಂಪನಿಯ ಸರ್ವರಿಗೆ ಹೋಗುತ್ತದೆ. ಅಲ್ಲಿಂದ ಆ ಒಂದು ಯಂತ್ರಕ್ಕೆ ಮಾತ್ರ ಹೊಂದುವ ಉತ್ತರ ಬರುತ್ತದೆ. ಎರಡು ಅಥವಾ ಮೂರು ಯಂತ್ರಕ್ಕೆ ಅಂತ ಮಿತಿ. ಮದರ್‌ಬೋರ್ಡ್ ಸುಟ್ಟು ಬದಲಿಸಿದರೆ ಸರ್ವರ್ ಕಣ್ಣಿಗೆ ನೀವು ಹೊಸ ಮನುಷ್ಯ.

ಈ ಕಿರಿಕಿರಿಗೆ ಮದ್ದು ಅಂತಲೇ ಡಾಂಗಲ್ ಮತ್ತೆ ಬಂತು. ಅಮೆರಿಕದ ಪೇಸ್ ಕಂಪನಿಯ ಐಲಾಕ್ ಹತ್ತಾರು ಕಂಪನಿಗಳ ಲೈಸೆನ್ಸನ್ನು ಒಂದೇ ತುಂಡಿನಲ್ಲಿ ಇಟ್ಟುಕೊಳ್ಳುತ್ತದೆ. ಜೇಬಿಗೆ ಹಾಕಿಕೊಂಡು ಯಾವ ಸ್ಟುಡಿಯೋಗಾದರೂ ಹೋಗಿ ಸಿಕ್ಕಿಸಿ, ನಿಮ್ಮ ಪ್ಲಗಿನ್ ತೆರೆಯುತ್ತದೆ. ಮುಂಬಯಿಯಂಥ ಊರಿನಲ್ಲಿ, ಬೆಳಿಗ್ಗೆ ವರ್ಸೋವಾ ಸಂಜೆ ಗೋರೆಗಾಂವ್ ಅಂತ ಓಡಾಡುವ ಇಂಜಿನಿಯರುಗಳಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಕಳೆದರೆ? ಮುರಿದರೆ? ತುಂಡಿನ ಹಿಂದೆ ಒಂದು ಆನ್‌ಲೈನ್ ಖಾತೆಯೂ ಇರುತ್ತದಲ್ಲ, ಅದೂ ಕೈಕೊಟ್ಟರೆ? 2013ರ ಜೂನ್‌ನಲ್ಲಿ ಪೇಸ್ ತನ್ನ ಹೊಸ ಲೈಸೆನ್ಸ್ ಮ್ಯಾನೇಜರ್‌ಗೆ ಬದಲಾದಾಗ ಹಾಗೇ ಆಯಿತು. ದುಡ್ಡು ಕೊಟ್ಟು ಕೊಂಡವರೇ ದಿನಗಟ್ಟಲೆ ತಮ್ಮ ಪ್ಲಗಿನ್ ತೆರೆಯಲಾಗದೆ ಕೂತರು. ಕ್ರ್ಯಾಕ್ ಹಾಕಿಕೊಂಡವರಿಗೆ ಏನೂ ಆಗಲಿಲ್ಲ! ಈಗ ತುಂಡೇ ಬೇಡ, ಲೈಸೆನ್ಸನ್ನು ನೆಟ್‌ನಲ್ಲೇ ಇಡುವ ಐಲಾಕ್ ಕ್ಲೌಡ್ ಇದೆ. ಆದರೆ ಕೆಲಸ ಮುಗಿಯುವವರೆಗೂ ನೆಟ್ ಇರಬೇಕು. ಜುಲೈ ಮಳೆಯಲ್ಲಿ ನಮ್ಮ ಗಾಳಾದ ಕೇಬಲ್ ನೋಡಿದವರು ಇದನ್ನು ನಂಬಲ್ಲ.

ಸ್ಟೈನ್‌ಬರ್ಗ್ ಕೂಡ ಕೊನೆಗೆ ತುಂಡನ್ನು ಕೈಬಿಟ್ಟಿತು. 2022ರ ಕ್ಯೂಬೇಸ್ 12ಕ್ಕೆ ಡಾಂಗಲ್ ಬೇಕಿಲ್ಲ. ಆ ಡಾಂಗಲ್‌ಗಳ ಲೈಸೆನ್ಸ್ ನೋಡಿಕೊಳ್ಳುತ್ತಿದ್ದ ಹಳೆಯ ಇಲೈಸೆನ್ಸರ್ ಸೇವೆಯನ್ನು 2025ರ ಮೇ ತಿಂಗಳಲ್ಲಿ ಮುಚ್ಚಿದರು. ತುಂಡಿನೊಳಗೆ ಇದ್ದ ಲೈಸೆನ್ಸ್ ಅದು ಇರುವಷ್ಟು ದಿನ ನಡೆಯುತ್ತದೆ. ಅದು ಸತ್ತರೆ ಅಷ್ಟೇ. ಕಂಪನಿಯೇ ಹೋಗುವುದೂ ಇದೆ. ಕ್ಯಾಮೆಲ್ ಆಡಿಯೋದ ಆಲ್ಕೆಮಿ ಅನ್ನುವ ಸಿಂಥ್ (ಸದ್ದು ಹುಟ್ಟಿಸುವ ಪ್ಲಗಿನ್) ತುಂಬ ಜನರ ಅಚ್ಚುಮೆಚ್ಚು. 2015ರಲ್ಲಿ ಆಪಲ್ ಆ ಕಂಪನಿಯನ್ನೇ ಕೊಂಡಿತು. ಆಲ್ಕೆಮಿ ಆಪಲ್‌ನದೇ ಲಾಜಿಕ್ ಸಾಫ್ಟ್‌ವೇರಿನ ಭಾಗವಾಯಿತು. ವಿಂಡೋಸ್‌ನಲ್ಲಿ ಕೊಂಡಿದ್ದವರು ಹಳೆ ಇನ್‌ಸ್ಟಾಲರ್ ಜೋಪಾನ ಮಾಡಿಕೊಂಡು ಕೂರಬೇಕಾಯಿತು.

ಇನ್ನು ಬಾಡಿಗೆ. ಫೋಟೋಶಾಪ್‌ನ ಎಡೋಬಿ 2013ರಲ್ಲಿ ಹೊಸ ಆವೃತ್ತಿಗಳ ಮಾರಾಟ ಬಿಟ್ಟು ತಿಂಗಳ ಬಾಡಿಗೆಗೆ ಇಳಿದ ಮೇಲೆ ಸಂಗೀತ ಸಾಫ್ಟ್‌ವೇರಿನವರಿಗೂ ಆಸೆ ಹುಟ್ಟಿತು. ಇದರಲ್ಲಿ ನನಗೆ ಮೆಚ್ಚುಗೆಯಾದದ್ದು 2016ರಲ್ಲಿ ಸ್ಪ್ಲೈಸ್ ಕಂಪನಿ ತಂದ ಕಂತಿನ ಲೆಕ್ಕ. ಆಗ ಸೀರಮ್ ಸಿಂಥ್‌ಗೆ ತಿಂಗಳಿಗೆ 9.99 ಡಾಲರ್, 189 ಡಾಲರ್ ತುಂಬಿದ ಮೇಲೆ ಅದು ನಿಮ್ಮದೇ ಆಗುತ್ತಿತ್ತು. ಫ್ರಿಜ್ ಕೊಂಡ ಹಾಗೆ. ವೇವ್ಸ್ ಕಂಪನಿ ಮಾತ್ರ ಪೆಟ್ಟು ತಿಂದಿತು. 2023ರ ಮಾರ್ಚ್ 26ಕ್ಕೆ, ಇನ್ನು ಶಾಶ್ವತ ಲೈಸೆನ್ಸ್ ಮಾರಲ್ಲ, ಬಾಡಿಗೆ ಮಾತ್ರ ಅಂದಿತು. ಲೋಕವೇ ಬೈದಿತು. ಮೂರ್ನಾಲ್ಕು ದಿನದಲ್ಲೇ ಶಾಶ್ವತ ಲೈಸೆನ್ಸ್ ವಾಪಸ್ ಬಂತು.

ನಮ್ಮಲ್ಲಿ ಬಾಡಿಗೆಗೆ ಬೇರೊಂದು ತೊಡಕೂ ಇತ್ತು. 2021ರ ಅಕ್ಟೋಬರ್ 1ರಿಂದ ಕಾರ್ಡಿನಲ್ಲಿ ತಾನಾಗಿ ದುಡ್ಡು ಕಡಿತವಾಗುವುದಕ್ಕೆ ರಿಸರ್ವ್ ಬ್ಯಾಂಕ್ ಹೊಸ ನಿಯಮ ಹಾಕಿತು. ಎಷ್ಟೋ ವಿದೇಶಿ ಕಂಪನಿಗಳು ಅದಕ್ಕೆ ಹೊಂದಿಕೊಂಡಿರಲಿಲ್ಲ. ನನ್ನ ಒಂದು ಕಂತು ಸದ್ದಿಲ್ಲದೆ ಬಿದ್ದುಹೋಯಿತು. ಮರುದಿನ ಪ್ರಾಜೆಕ್ಟ್ ತೆರೆದರೆ ತಂಬೂರಿ ಟ್ರ್ಯಾಕ್ ಮೂಕ. ಗಾಯಕಿ ಮೈಕಿನ ಮುಂದೆ ನಿಂತಿದ್ದರು. ಮೊಬೈಲಿನ ಶ್ರುತಿ ಪೆಟ್ಟಿಗೆ ಹಾಕಿ ಹಾಡಿಸಿದೆ.

“ಶಾಶ್ವತ” ಅನ್ನುವ ಪದವನ್ನೂ ಹುಷಾರಾಗಿ ಓದಬೇಕು. ಲೈಸೆನ್ಸ್ ಶಾಶ್ವತ, ಕೆಳಗಿನ ನೆಲವಲ್ಲ. 2019ರಲ್ಲಿ ಆಪಲ್‌ನ ಕ್ಯಾಟಲೀನಾ ಆಪರೇಟಿಂಗ್ ಸಿಸ್ಟಂ ಹಳೇ ಬಗೆಯ 32 ಬಿಟ್ ಸಾಫ್ಟ್‌ವೇರನ್ನು ಓಡಿಸುವುದೇ ನಿಲ್ಲಿಸಿದಾಗ ಎಷ್ಟೋ ಹಳೆ ಪ್ಲಗಿನ್ ಒಂದೇ ಏಟಿಗೆ ಹೋದವು. ಎಲ್ಲರೂ ಬಿಗಿ ಅಂತಲ್ಲ. ಪ್ಲಗಿನ್ ಮಾಡುವ ಫ್ಯಾಬ್‌ಫಿಲ್ಟರ್‌ನವರು ಒಂದು ಕೀ ಕೊಡುತ್ತಾರೆ, ಅಂಟಿಸಿದರೆ ಮುಗಿಯಿತು. ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್ 60 ದಿನ ಬಳಸಿ ನೋಡಿ, ಆಮೇಲೆ ಕೊಳ್ಳಿ ಅನ್ನುತ್ತದೆ. ಕೊಳ್ಳದಿದ್ದರೂ ಬಾಗಿಲು ಹಾಕುವುದಿಲ್ಲ, ಸುಮ್ನೆ ನೆನಪಿಸುತ್ತದೆ. ಆ ನಾಚಿಕೆಗೇ ನಾನು ಕೊಂಡೆ.

ಬೇಡವಾದ ಪ್ಲಗಿನ್ ಮಾರಬಹುದಾ? ಯುರೋಪಿನ ನ್ಯಾಯಾಲಯ 2012ರ ಯೂಸ್ಡ್‌ಸಾಫ್ಟ್–ಒರಾಕಲ್ ಮೊಕದ್ದಮೆಯಲ್ಲಿ, ಶಾಶ್ವತ ಲೈಸೆನ್ಸ್ ಕೊಂಡವನು ತನ್ನ ಪ್ರತಿ ಅಳಿಸಿ ಇನ್ನೊಬ್ಬನಿಗೆ ಮಾರಬಹುದು ಅಂದಿತು. ನಮ್ಮ ಸುಪ್ರೀಂ ಕೋರ್ಟ್ 2021ರಲ್ಲಿ ಒಂದು ತೆರಿಗೆ ಮೊಕದ್ದಮೆಯಲ್ಲಿ, ವಿದೇಶಿ ಸಾಫ್ಟ್‌ವೇರಿಗೆ ಕೊಡುವ ದುಡ್ಡು ರಾಯಲ್ಟಿಯಲ್ಲ, ಪ್ರತಿಯ ಬೆಲೆ ಅಂತ ಹೇಳಿತು. ಕಾಗದದಲ್ಲಿ ಹೀಗೆ. ನಿಜದಲ್ಲಿ ಸರ್ವರ್ ಯಾರ ಕೈಲಿದೆಯೋ ಅವರದೇ ಮಾತು. ಕೆಲವರು ಬಿಟ್ಟಿಯಾಗಿ ಹೆಸರು ಬದಲಿಸುತ್ತಾರೆ. ಕೆಲವರು ಫೀಸ್ ಕೇಳುತ್ತಾರೆ. ಕೆಲವರು ಆಗಲ್ಲ ಅಂದುಬಿಡುತ್ತಾರೆ. ರಿಯಾಯಿತಿಯ ವಿದ್ಯಾರ್ಥಿ ಲೈಸೆನ್ಸ್, ಬಂಡಲ್‌ನಲ್ಲಿ ಬಂದ ಒಂದು ಬಿಡಿ ಪ್ಲಗಿನ್, ಇವನ್ನು ಮಾರುವುದು ಕಷ್ಟ.

ಮುರಿದ ಡಾಂಗಲ್ ಕಥೆ ಏನಾಯಿತು ಅಂತೀರಾ? ಫೋಟೋ ತೆಗೆದು, ಬಿಲ್ ಹುಡುಕಿ, ತುಂಡನ್ನು ಕೊರಿಯರ್ ಮಾಡಿ, ಎರಡು ತಿಂಗಳಲ್ಲಿ 13 ಲೈಸೆನ್ಸ್ ವಾಪಸ್ ಬಂದವು. ಹದಿನಾಲ್ಕನೆಯದು ಬರಲಿಲ್ಲ. ಅದನ್ನು ಕೊಂಡದ್ದು ನನ್ನ ಹಳೆಯ ಪಾರ್ಟ್ನರ್ ಹೆಸರಿನ ಇಮೇಲಿನಲ್ಲಿ. ಅವನೀಗ ಕುಂದಾಪುರದಲ್ಲಿ ಐಸ್‌ಕ್ರೀಮ್ ಅಂಗಡಿ ಇಟ್ಟಿದ್ದಾನೆ. ಫೋನ್ ಮಾಡಿದರೆ, “ಪಾಸ್‌ವರ್ಡಾ? ಆ ಐಡಿಯೇ ನೆನಪಿಲ್ಲ ಮಾರಾಯ” ಅಂದ.